ಅಕ್ಕೋರ ಪಾರ್ಕು

ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಹುಮನಾಬಾದಿನ ಬಸ್ಸಿಗೆ ಕಾಯುತ್ತ ನಿಂತ ವಿಜಯಶ್ರೀ ಬೆಳಗಿನಿಂದ ಒಂದೇ ಮಾತನ್ನು ತುಟಿಯೊಳಗೆ ಉರು ಹೊಡೆಯುತ್ತಿದ್ದಳು. ಇಲ್ರಿ. ಅಷ್ಟೇ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಭೂಗೋಳ ಕಲಿಸಿ, ಊರಿಗೆಲ್ಲ ಅಕ್ಕೋರು ಎನಿಸಿಕೊಂಡು ನಿವೃತ್ತಳಾದವಳು ಅವಳು. ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ ಸಾಕು, ಕೊನೆಯ ಬೆಂಚಿನವರೂ ಬಾಯಿ ಮುಚ್ಚುತ್ತಿದ್ದರು. ಅಂಥವಳು ಇಷ್ಟು ಸಣ್ಣ ಮಾತನ್ನು ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ ಬಾಯಿಪಾಠ ಮಾಡಬೇಕಾಗಿ ಬಂತಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು. ಹೇಳುವಾಗ ದನಿ ಏರಬಾರದು, ಇಳಿಯಲೂಬಾರದು. ಮರ್ಯಾದೆ ಇರಬೇಕು, ಆದರೆ ಅಂಜಿದ ಹಾಗೆ ಕೇಳಬಾರದು. ಪಕ್ಕದಲ್ಲಿ ಕಬ್ಬಿನ ಹಾಲಿನ ಗಾಡಿಯವನು ಯಂತ್ರದ ಗೆಜ್ಜೆ ಕುಣಿಸುತ್ತ, “ಬಿಸಲ ಭಾಳ ಆಗ್ಯಾದ ಅಲ್ರಿ ಅಕ್ಕೋರ, ಒಂದು ಗ್ಲಾಸ್ ಮಾಡ್ಲ್ಯಾ?” ಎಂದ. “ಹೌದ್ರಿ,” ಎಂದಳು. ಬಿಸಿಲಿಗೆ ಹೌದೆಂದಿದ್ದಳು ಅವಳು. ಅವನು ಆಗಲೇ ಕಬ್ಬನ್ನು ಮಡಚಿ ಯಂತ್ರಕ್ಕೆ ಕೊಟ್ಟಾಗಿತ್ತು. ಬೇಡ ಎನ್ನುವಷ್ಟರಲ್ಲಿ ನೊರೆ ತುಂಬಿದ ಗ್ಲಾಸು ಕೈಗೆ ಬಂತು. ಮೊದಲೇ ಕೆಟ್ಟಿದ್ದ ಗಂಟಲಿಗೆ ಮಂಜುಗಡ್ಡೆ ಹಾಕಿದ ಸಿಹಿಯನ್ನು ಇಳಿಸುತ್ತ, ಇಲ್ಲಿಯೇ, ಈ ಗಾಡಿಯ ಮುಂದೆಯೇ ನಾನು ಸೋತೆನಲ್ಲ ಎಂದುಕೊಂಡಳು.

ಹೌದ್ರಿ ಎನ್ನುವುದು ಆ ಸೀಮೆಯಲ್ಲಿ ಒಪ್ಪಿಗೆಯ ಮಾತೇ ಅಲ್ಲ. ಎದುರಿಗಿದ್ದವರು ಮಾತಾಡುತ್ತಿರುವಾಗ ಕೇಳುವವರು ನಡುನಡುವೆ ಹೌದ್ರಿ, ಹೌದ್ರಿ ಎನ್ನುತ್ತಿರಬೇಕು. ಇಲ್ಲದಿದ್ದರೆ ಹೇಳುವವರಿಗೆ ಅಪಮಾನ. ಏನು, ಗೋಡೆಗೆ ಹೇಳಾಕತ್ತೇನೇನು ಎಂದು ಸಿಟ್ಟಾಗುತ್ತಾರೆ. ಕೇಳಾಕತ್ತೇನಿ, ಮುಂದ ಹೇಳ್ರಿ, ಎನ್ನುವಷ್ಟೇ ಅದರ ಅರ್ಥ. ವಿಜಯಶ್ರೀಯ ತಾಯಿ ಸುಳ್ಳು ಹೇಳುವ ಬಳೆಗಾರನಿಗೂ ಹೌದ್ರಿ ಎನ್ನುತ್ತಿದ್ದಳು, ಆಮೇಲೆ ಒಂದು ಬಳೆಯನ್ನೂ ಕೊಳ್ಳದೆ ಕಳಿಸುತ್ತಿದ್ದಳು. ಇದು ಗೊತ್ತಿಲ್ಲದವರು ಈ ಕಡೆ ಯಾರೂ ಇಲ್ಲ. ಅವಳು ಈಗ ಸಭೆಗೆ ಹೊರಟಿದ್ದ ಯೋಜನಾ ಸಮಿತಿಯ ಕಾರ್ಯದರ್ಶಿ ಮಚ್ಚೇಂದ್ರನಿಗೆ ಗೊತ್ತಿಲ್ಲವೇ? ಅವನೇನು ಮೈಸೂರಿನಿಂದ ಬಂದವನೇ? ಹುಮನಾಬಾದಿನಲ್ಲೇ ಹುಟ್ಟಿ, ಅಲ್ಲಿಯೇ ತಲೆ ಬೆಳ್ಳಗೆ ಮಾಡಿಕೊಂಡವನು. ಅವನೂ ದಿನಕ್ಕೆ ನೂರು ಸಲ ಅನ್ನುತ್ತಾನೆ. ಆದರೂ ಹೋದ ತಿಂಗಳ ಸಭೆಯಲ್ಲಿ ಅವಳ ಬಾಯಿಂದ ಬಿದ್ದ ಆ ಮಾತನ್ನು ಎತ್ತಿಕೊಂಡು, ಮಹಿಳಾ ಸದಸ್ಯೆಯವರು ಒಪ್ಪಿಗೆ ಸೂಚಿಸಿದರು ಎಂದು ಬರೆದುಬಿಟ್ಟ. ಅವಳನ್ನು ಉರಿಸುತ್ತಿದ್ದುದು ಇದೇ. ಗೊತ್ತಿಲ್ಲದೆ ಬರೆದಿದ್ದರೆ ತಿದ್ದಬಹುದಿತ್ತು. ಗೊತ್ತಿದ್ದವನನ್ನು ತಿದ್ದುವುದು ಹೇಗೆ?

ಬಸ್ಸು ಬಂತು, ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಎರಡೂ ಊರಿಗೆ ಸೇರಿದ ಯೋಜನಾ ಸಮಿತಿ ಅದು. ಊರ ಅಂಚಿನ ಯಾವ ಜಾಗದಲ್ಲಿ ಮನೆ, ಯಾವುದರಲ್ಲಿ ಅಂಗಡಿ, ಎಲ್ಲಿ ರಸ್ತೆ, ಎಲ್ಲಿ ಬಯಲು ಎಂದು ತೀರ್ಮಾನ ಮಾಡುವುದು ಅದರ ಕೆಲಸ. ಒಂದು ತಿಂಗಳು ಸಭೆ ಇಲ್ಲಿ, ಮುಂದಿನ ತಿಂಗಳು ಹುಮನಾಬಾದಿನಲ್ಲಿ. ಒಬ್ಬ ಹೆಣ್ಣುಮಗಳು ಸದಸ್ಯೆ ಇರಲೇಬೇಕು ಎಂದಾಗ ಅಧ್ಯಕ್ಷ ಮಹಾರುದ್ರಪ್ಪನವರು, “ನಮ್ಮ ಗೆಳೆಯನ ಮಗಳು ಇದ್ದಾಳಲ್ಲ, ನಕಾಶೆ ಕಲಿಸಿದಾಕಿ, ಶಾಣ್ಯಾಕಿ,” ಎಂದು ಅವಳ ಹೆಸರು ಸೂಚಿಸಿದ್ದರು. ಗಂಡ ಸತೀಶಕುಮಾರ ಪೇಡೆ ತಂದು ಓಣಿಗೆಲ್ಲ ಹಂಚಿದ್ದ. ಮೊದಲ ಸಭೆಗೆ ಹೊರಟ ದಿನ ಅವಳು ಇಲಕಲ್ ಸೀರೆ ಉಟ್ಟು, ಚೀಲದಲ್ಲಿ ಒಂದು ಅಳತೆಪಟ್ಟಿಯನ್ನೂ ಭೂತಗನ್ನಡಿಯನ್ನೂ ಇಟ್ಟುಕೊಂಡು ಹೋಗಿದ್ದಳು. ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ. ಅಲ್ಲಿ ಅವಳ ಕುರ್ಚಿ ಬಾಗಿಲ ಪಕ್ಕ, ಮೇಜಿನ ಕೊನೆಗೆ. ಚಹಾ ತರುವವನು ಬಂದಾಗಲೆಲ್ಲ ಎದ್ದು ಜಾಗ ಬಿಡಬೇಕು. “ಅಕ್ಕೋರ, ಸಕ್ಕರಿ ಬರಾಬರ್ ಅದ ಏನು ಜರಾ ನೋಡ್ರಿ,” ಎಂದು ಯಾರೋ ಅನ್ನುತ್ತಿದ್ದರು, ಎಲ್ಲರೂ ಪ್ರೀತಿಯಿಂದಲೇ ನಗುತ್ತಿದ್ದರು. ಇವಳೂ ನಗುತ್ತಿದ್ದಳು, ಸಕ್ಕರೆಯನ್ನೂ ನೋಡುತ್ತಿದ್ದಳು. ಭೂತಗನ್ನಡಿ ಚೀಲದಿಂದ ಹೊರಗೆ ಬರಲೇ ಇಲ್ಲ.

ಆ ಸಮಿತಿಯಲ್ಲಿ ಅವಳು ತಾನಾಗಿ ಕೇಳಿದ್ದು ಒಂದೇ ಒಂದು. ಹುಮನಾಬಾದಿನಿಂದ ಹುಡಗಿ ಎಂಬ ಹಳ್ಳಿಗೆ ಹೋಗುವ ರಸ್ತೆಯ ಕಡೆಗೆ ಊರು ಇಷ್ಟು ಬೆಳೆಯುತ್ತಿದೆ, ಮಕ್ಕಳಿಗೆ ಆಡಲು ಒಂದು ಉದ್ಯಾನ ಬೇಕು ಎಂದಿದ್ದಳು. ಎಲ್ಲರೂ ಮೇಜು ತಟ್ಟಿದ್ದರು. ಆ ರಸ್ತೆಯಲ್ಲಿ ಸಂಜೀವಕುಮಾರ ಎಂಬ ವ್ಯಾಪಾರಿ ದೊಡ್ಡ ಲೇಔಟ್ ಹಾಕುತ್ತಿದ್ದ. ಕಾಯಿದೆಯ ಪ್ರಕಾರ ಅವನೇ ತನ್ನ ಜಾಗದಲ್ಲಿ ಉದ್ಯಾನಕ್ಕೆ ಬಿಡಬೇಕು, ರಸ್ತೆಯಂಚಿಗೇ ಬಿಟ್ಟೂ ಇದ್ದ. ಆದರೆ ಹೋದ ತಿಂಗಳು, ಬಸವಕಲ್ಯಾಣದ ಸಭೆಯಲ್ಲಿ, ನಕಾಶೆ ತಯಾರಿಸುವ ಇಂಜಿನಿಯರ್ ಮೇಜಿನ ಮೇಲೆ ಹಾಳೆ ಹಾಸಿ ಬೆರಳಾಡಿಸುತ್ತ ಹೇಳುತ್ತ ಹೋದ. ಹಳದಿ ಬಣ್ಣ ಬಳಿದಿದ್ದು ಮನೆಗಳಿಗೆ, ನೀಲಿ ಅಂಗಡಿಗಳಿಗೆ, ಹಸಿರು ಉದ್ಯಾನಕ್ಕೆ. “ಈ ಹಸಿರು ರೋಡಿಗೆ ಹತ್ತಿಕೊಂಡದ ನೋಡ್ರಿ, ಮಕ್ಕಳಿಗೆ ಗಾಡಿಗಳ ಅಂಜಿಕಿ. ಇದನ್ನ ನಾಲಾ ದಾಟಿಸಿ ಆ ಕಡಿ ಖುಲ್ಲಾ ಜಗಾಕ್ಕ ಒಯ್ದ್ರ ಶಾಂತ ಇರ್ತದ. ಅಲ್ರಿ ಅಕ್ಕೋರ?” ಚಹಾದವನು ಬಂದಿದ್ದ, ಅವಳು ಕುರ್ಚಿ ಸರಿಸುತ್ತಿದ್ದಳು. “ಹೌದ್ರಿ,” ಎಂದಳು. ಮುಂದ ಹೇಳ್ರಿ ಎಂದು. ಅವನು ಮುಂದೆ ಹೇಳಲಿಲ್ಲ. ಹಾಳೆ ಮಡಚಿಟ್ಟ. ರಸ್ತೆಯ ಹಸಿರು ನೀಲಿಯಾಯಿತು, ಸಂಜೀವಕುಮಾರನಿಗೆ ಅಂಗಡಿ ಸಾಲು ಸಿಕ್ಕಿತು. ಉದ್ಯಾನ ಯಾರದೋ ಹೊಲದ ಮೇಲೆ ಹೋಗಿ ಕೂತಿತು.

ಆ ಯಾರದೋ ಹೊಲ ಮುಕ್ತಾಬಾಯಿಯದು ಎಂದು ಗೊತ್ತಾದದ್ದು ಹೋದ ಭಾನುವಾರ. ಬಸ್ಸು ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿಗೆ ಹೊರಳಿ ವೇಗ ಹಿಡಿಯಿತು, ಬಿಸಿಗಾಳಿ ಮುಖಕ್ಕೆ ಹೊಡೆಯಿತು, ವಿಜಯಶ್ರೀಗೆ ಭಾನುವಾರದ ಆ ಬೆಳಗು ಕಣ್ಣಿಗೆ ಕಟ್ಟಿತು. ಬಾಗಿಲಲ್ಲಿ ಬೆವರಿ ನಿಂತಿದ್ದಳು ಮುಕ್ತಾಬಾಯಿ, ಸೆರಗಿನಲ್ಲಿ ಹಸಿ ಶೇಂಗಾ ಕಟ್ಟಿಕೊಂಡು. ಅವಳ ಮಗಳು ವಿಶಾಖಾ ಕಲ್ಯಾಣದ ಹಾಸ್ಟೆಲಿನಲ್ಲಿದ್ದುಕೊಂಡು ವಿಜಯಶ್ರೀಯ ಶಾಲೆಯಲ್ಲೇ ಓದಿದವಳು, ಈಗ ಬೀದರಿನಲ್ಲಿ ನರ್ಸ್. ಮೊದಲ ಪಗಾರದಿಂದಲೇ ಕೂಡಿಡುತ್ತ ಬಂದು, ಅಪ್ಪ ನರಸಿಂಗನ ಆ ತುಂಡು ಹೊಲದಲ್ಲಿ ಎರಡು ಕೋಣೆಯ ಮನೆಗೆ ಬುನಾದಿ ತೋಡಿಸಿದ್ದಾಳೆ. ಘಾಟಬೋರಾಳದಲ್ಲಿ ಭಾವ ಮೈದುನರ ನಡುವೆ ಒಂದು ಪಡಸಾಲೆಯಲ್ಲಿ ಬದುಕು ಮಾಡಿದ ಮುಕ್ತಾಬಾಯಿಗೆ ತನ್ನದು ಎನ್ನುವ ಬಾಗಿಲು ಇದೇ ಮೊದಲು. “ಪರವಾನಗಿ ಕೇಳಾಕ ಹೋದ್ರ, ನಿಮ್ಮ ಹೊಲದಾಗ ಮನಿ ಕಟ್ಟಾಕ ಬರಂಗಿಲ್ಲ, ಅಲ್ಲಿ ಅಕ್ಕೋರ ಪಾರ್ಕ ಬಂದದ ಅಂದ್ರು,” ಎಂದಳು ಮುಕ್ತಾಬಾಯಿ. “ಯಾವ ಅಕ್ಕೋರು ಅಂತ ಕೇಳಿದೆ. ನಿಮ್ಮ ಹೆಸರು ಹೇಳಿದ್ರು. ಆವಾಗ ನನ್ನ ಜೀವಕ್ಕ ಸಮಾಧಾನ ಆತು ನೋಡ್ರಿ.”

ಸಮಾಧಾನ! “ಯಾಕ ಸಮಾಧಾನ?” ಎಂದು ವಿಜಯಶ್ರೀ ಕೇಳಿದ್ದಳು. “ಬ್ಯಾರೆ ಯಾರರೇ ಹಾಕಿದ್ರ ಯಾರ ಕಾಲು ಹಿಡೀಬೇಕಿತ್ತು? ನೀವೇ ಹಾಕೀರಿ ಅಂದ್ರ ನೀವೇ ತೆಗೀತೀರಿ. ಗೊತ್ತಿಲ್ದ ಆಗಿರ್ತದ,” ಎಂದು ಮುಕ್ತಾಬಾಯಿ ನಕ್ಕಳು. ಒಂದು ಬೈಗುಳ ಬೈದಿದ್ದರೂ ತಡೆದುಕೊಳ್ಳಬಹುದಿತ್ತು. “ಬಾ, ಒಳಗ ಬಾ, ಕೂಡು,” ಎಂದು ಕುರ್ಚಿ ತೋರಿಸಿದರೆ, ಅವಳು ಹೊಸ್ತಿಲ ಒಳಗೆ ಬಂದು ನೆಲದ ಮೇಲೆ ಕೂತಳು. ವಿಜಯಶ್ರೀ ಮತ್ತೊಮ್ಮೆ ಹೇಳಲಿಲ್ಲ. ಚಹಾ ಮಾಡಿದಾಗ ಗಂಡನಿಗೂ ತನಗೂ ಪಿಂಗಾಣಿ ಕಪ್ಪು ತೆಗೆದ ಕೈ ಮುಕ್ತಾಬಾಯಿಗೆ ಸ್ಟೀಲಿನ ಲೋಟ ತೆಗೆಯಿತು. ಯಾಕೆ ಹಾಗೆ ಮಾಡಿದೆ? ಲೋಟ ದೊಡ್ಡದು, ದೂರದಿಂದ ಬಂದಿದ್ದಾಳೆ, ಹೆಚ್ಚು ಕುಡಿಯಲಿ ಎಂದು. ಹೀಗೆಂದು ಆಗ ತನಗೆ ತಾನೇ ಹೇಳಿಕೊಂಡಿದ್ದಳು. ಈಗ ಬಸ್ಸಿನಲ್ಲಿ ಕೂತು ಅದನ್ನೇ ಮತ್ತೆ ಹೇಳಿಕೊಂಡಳು, ಆ ಮಾತು ಅಂದಿನಷ್ಟು ಗಟ್ಟಿಯಾಗಿ ಕೇಳಲಿಲ್ಲ. ಕಲ್ಯಾಣದಲ್ಲಿ ಹುಟ್ಟಿ ಬೆಳೆದು, ಮೇಲು ಕೀಳು ಇಲ್ಲ ಎನ್ನುವ ಮಾತನ್ನು ಎದೆಹಾಲಿನ ಜೊತೆಗೇ ಕುಡಿದವಳು. ಕಪ್ಪುಗಳ ಸಾಲಿನ ಮುಂದೆ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ಎಂದು ಇಷ್ಟು ವರ್ಷ ನೋಡಿಯೇ ಇರಲಿಲ್ಲ.

ಬಸ್ಸು ರಾಜೇಶ್ವರ ಊರನ್ನು ದಾಟಿತು. ಕಡ್ಲೆ ಕಿತ್ತ ಹೊಲಗಳು ಕಪ್ಪಗೆ ಬಿರಿದಿದ್ದವು. ಭೂಗೋಳದ ಕ್ಲಾಸಿನಲ್ಲಿ ವಿಶಾಖಾ ಕಿಟಕಿಯ ಪಕ್ಕ ಕೂರುತ್ತಿದ್ದಳು. ಕರ್ನಾಟಕದ ನಕಾಶೆಯಲ್ಲಿ ಕಾಡಿಗೆ ಬಣ್ಣ ತುಂಬಿ ಎಂದಾಗ ಅವಳ ಬಳಿ ಹಸಿರು ಪೆನ್ಸಿಲ್ ಇರಲಿಲ್ಲ. ಹಳದಿಯನ್ನು ತಿಕ್ಕಿ ಅದರ ಮೇಲೆ ನೀಲಿ ತಿಕ್ಕಿದ್ದಳು. ವಿಜಯಶ್ರೀ ಆ ಹಾಳೆಯನ್ನು ಎತ್ತಿ ಹಿಡಿದು, “ನೋಡ್ರಿ ಎಲ್ಲಾರೂ, ವಿಶಾಖಾನ ಕಾಡಿಗೆ ರೋಗ ಬಂದದ,” ಎಂದಿದ್ದಳು. ಕ್ಲಾಸು ನಕ್ಕಿತ್ತು, ವಿಶಾಖಾಳೂ ನಕ್ಕಿದ್ದಳು. ತಮಾಷೆಗೆ ಅಂದದ್ದು, ಎಲ್ಲ ಮಕ್ಕಳಿಗೂ ಹಾಗೆ ಅನ್ನುತ್ತಿದ್ದಳು, ಅದರಲ್ಲೇನೂ ಇಲ್ಲ. ಆದರೂ ಈಗ ಯಾಕೆ ಅದು ಕಣ್ಣ ಮುಂದೆ ಬಂತೋ. ಬೆಳಿಗ್ಗೆ ಸತೀಶಕುಮಾರ ಪೋಹೆ ತಿನ್ನುತ್ತ, “ಸಂಜೀವಕುಮಾರ ಲೇಔಟಿನ ಪಂಪ್ ಎಲ್ಲಾ ನಮ್ಮ ಅಂಗಡೀದಾಗೇ ತಗೋತೇನಿ ಅಂದಾನ. ನೀ ಹೋಗಿ ಗದ್ದಲ ಮಾಡಬ್ಯಾಡ. ಮಾತಾಡ್ಲಿಕ್ಕೆ ಹೋದ್ರೂ ಕೇಳೋರು ಯಾರು ಅಲ್ಲಿ?” ಎಂದಿದ್ದ. ಮೊದಲಿನ ಮಾತಿಗಿಂತ ಕೊನೆಯದೇ ಅವಳನ್ನು ಚುಚ್ಚಿದ್ದು. ಕೇಳುತ್ತಾರೆ. ಇವತ್ತು ಕೇಳುತ್ತಾರೆ. ಹಿಂದಿನ ಸಭೆಯ ತೀರ್ಮಾನ ಇವತ್ತಿನ ಸಭೆಯಲ್ಲಿ ಮೊದಲು ಓದಿ ಖಾಯಂ ಮಾಡಬೇಕು; ಯಾರೂ ಏನೂ ಅನ್ನದಿದ್ದರೆ ನಕಾಶೆ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿ ಮುದ್ರೆ ಬಿದ್ದರೆ ಮುಗಿಯಿತು. ಆಮೇಲೆ ಆ ಹೊಲವನ್ನು ಸರಕಾರ ಕೊಳ್ಳುವುದಿಲ್ಲ, ಪರಿಹಾರ ಕೊಡುವುದಿಲ್ಲ, ಒಂದು ಜೋಕಾಲಿಯನ್ನೂ ಕಟ್ಟುವುದಿಲ್ಲ. ಕಟ್ಟಲು ಮುಕ್ತಾಬಾಯಿಗೂ ಬಿಡುವುದಿಲ್ಲ. ಇಂಥ ಹಸಿರುಗಳನ್ನು ಅವಳು ನಕಾಶೆಯ ತುಂಬ ನೋಡಿದ್ದಳು. ಅವೆಲ್ಲ ಬಡವರ ಹೊಲದ ಮೇಲೆಯೇ ಹೇಗೆ ಬೀಳುತ್ತವೆ ಎಂದು ಮಾತ್ರ ಯಾವತ್ತೂ ಕೇಳಿರಲಿಲ್ಲ. ಇಲ್ರಿ, ಎಂದು ಮತ್ತೊಮ್ಮೆ ಬಾಯಿಬಿಟ್ಟೇ ಅಂದಳು. ಪಕ್ಕದ ಸೀಟಿನ ಅಜ್ಜ ತನಗೇ ಅಂದಳೆಂದು ತಿಳಿದು ಕಾಲು ಹಿಂದಕ್ಕೆ ಎಳೆದುಕೊಂಡ.

ಹುಮನಾಬಾದಿನ ಕಚೇರಿಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಮುಕ್ತಾಬಾಯಿ ಕೂತಿದ್ದಳು. ಬರಬೇಡ ಎಂದು ಹೇಳಿದ್ದರೂ ಬಂದಿದ್ದಳು, ಅದೂ ಮದುವೆಗೆ ಉಡುವ ನೀಲಿ ಸೀರೆಯಲ್ಲಿ. ನರಸಿಂಗ ಕೂಲಿಗೆ ಹೋಗಿದ್ದಾನೆ, ವಿಶಾಖಾ ಡ್ಯೂಟಿಯಿಂದ ಎರಡು ಸಲ ಫೋನ್ ಮಾಡಿದಳು ಎಂದಳು. “ನೀವು ಒಳಗ ಹೋಗ್ರಿ ಅಕ್ಕೋರ, ನಾ ಇಲ್ಲೇ ಇರ್ತೇನಿ. ನನ್ನ ಸಲುವಾಗಿ ಅವಸರ ಮಾಡಬ್ಯಾಡ್ರಿ,” ಎಂದಳು. ಗಂಟಲಲ್ಲಿ ಕಬ್ಬಿನ ಹಾಲು ಇನ್ನೂ ಅಂಟಿಕೊಂಡಿತ್ತು. “ನೀ ಏನೂ ಫಿಕರ್ ಮಾಡಬ್ಯಾಡ,” ಎಂದು ಹೇಳಿ ವಿಜಯಶ್ರೀ ಮೆಟ್ಟಿಲು ಹತ್ತಿದಳು. ಹತ್ತುವಾಗ ಕಾಲಿಗೆ ಶಕ್ತಿ ಬಂದಂತಾಯಿತು. ಹೇಳಿಬಿಟ್ಟೆನಲ್ಲ ಅವಳಿಗೆ, ಇನ್ನು ಹಿಂದಕ್ಕೆ ಹೋಗುವ ಹಾಗಿಲ್ಲ ಎಂದು ಹಿಗ್ಗಿದಳು ಕೂಡ.

ಒಳಗೆ ಪಂಖ ಕಿರುಗುಟ್ಟುತ್ತಿತ್ತು. ಮಹಾರುದ್ರಪ್ಪನವರು ಬಿಳಿ ಧೋತರದಲ್ಲಿ, ವಿಭೂತಿ ಬಳಿದ ಹಣೆಯಲ್ಲಿ, ಮೇಜಿನ ತಲೆಗೆ ಕೂತಿದ್ದರು. “ಬಾ ತಂಗಿ ಬಾ. ಸ್ನೇಹಲ್ ಹ್ಯಾಂಗ ಇದ್ದಾಳ? ಬಾಣಂತನ ನಿಮ್ಮಲ್ಲೇ ಏನು?” ಎಂದು ಮಗಳನ್ನು ವಿಚಾರಿಸಿದರು. “ಹೌದ್ರಿ ಕಾಕಾ,” ಎಂದಳು. ಇದು ನಿಜವಾದ ಹೌದು, ಇದನ್ನು ಅನ್ನಲೇಬೇಕು. “ನಿಮ್ಮಪ್ಪ ಇದ್ದಿದ್ರ ಎಷ್ಟು ಹಿಗ್ತಿದ್ದ!” “ಹೌದ್ರಿ.” “ನಮ್ಮ ಮನಿಯಾಕಿ ಭಾಗಮ್ಮ ಕೂಸಿಗೆ ಕುಂಚಿಗಿ ಹೊಲಿದಿಟ್ಟಾಳ, ಹೋಗೂ ಮುಂದ ಮನಿಗೆ ಬಂದು ಒಯ್ಯಿ.” “ಹೌದ್ರಿ.” ಅಯ್ಯೋ, ಸಭೆ ಇನ್ನೂ ಶುರುವಾಗಿಲ್ಲ, ಇಷ್ಟರಲ್ಲೇ ಬಾಯಿಗೆ ಅದೇ ಚಾಳಿ ಹತ್ತಿತು ಎಂದು ತುಟಿ ಕಚ್ಚಿಕೊಂಡಳು. ಸದಸ್ಯನಲ್ಲದ ಸಂಜೀವಕುಮಾರನೂ ಒಂದು ಮೂಲೆಯಲ್ಲಿ ವಿಶೇಷ ಆಹ್ವಾನಿತ ಎಂದು ಕೂತಿದ್ದ, ಅವಳನ್ನು ನೋಡಿ ಎದ್ದು ಎರಡೂ ಕೈ ಮುಗಿದ. ಅಷ್ಟು ವಿನಯದ ಮನುಷ್ಯನನ್ನು ಎದುರು ಹಾಕಿಕೊಳ್ಳುವುದು ಎಷ್ಟು ಕಷ್ಟ! ಒರಟನಾಗಿದ್ದರೆ, ಪಾನ್ ಉಗುಳುವವನಾಗಿದ್ದರೆ ಚೆನ್ನಾಗಿತ್ತು.

ಮಚ್ಚೇಂದ್ರ ಓದಿದ. ಅವನು ಓದುವ ರೀತಿಯೇ ಹಾಗೆ, ಮಂತ್ರ ಹೇಳುವವರ ಹಾಗೆ ಉಸಿರು ಬಿಡದೆ; ಉದ್ಯಾನ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. “ಯಾರದಾದ್ರೂ ತಕರಾರು ಅದ ಏನ್ರಿ? ಇಲ್ಲಂದ್ರ ಖಾಯಂ ಮಾಡೋಣು,” ಎಂದ. ಪಂಖ ತಿರುಗಿತು. ಯಾರೋ ಮೊಬೈಲ್ ನೋಡುತ್ತಿದ್ದರು. ವಿಜಯಶ್ರೀ ಚೀಲವನ್ನು ನೆಲಕ್ಕಿಟ್ಟಳು. ಈಗ, ಈಗಲೇ. ಬಾಯಿ ತೆರೆದಳು. “ಇಲ್ಲ!” ಎಂದಳು.

ರಿ ಬರಲಿಲ್ಲ. ಬೆಳಗಿನಿಂದ ಅಷ್ಟು ಜೋಪಾನವಾಗಿ ಹಚ್ಚಿಕೊಂಡು ಬಂದಿದ್ದ ರಿ ಎಲ್ಲಿ ಉದುರಿತೋ, ಕ್ಲಾಸಿನ ದನಿಯಲ್ಲಿ, ಕೊನೆಯ ಬೆಂಚಿಗೆ ಎಸೆದ ಸೀಮೆಸುಣ್ಣದ ಹಾಗೆ ಬಂತು ಮಾತು. ಮೊಬೈಲಿನವರು ತಲೆ ಎತ್ತಿದರು. ಮಹಾರುದ್ರಪ್ಪನವರ ಹುಬ್ಬು ಮೇಲಕ್ಕೆ ಹೋಯಿತು. “ಇಲ್ಲ ಅಂದ್ರ, ತಕರಾರು ಇಲ್ಲ ಅಂತೀರೇನ್ರಿ ಅಕ್ಕೋರ?” ಎಂದು ಮಚ್ಚೇಂದ್ರ ಮೆಲ್ಲಗೆ ದಾರಿ ತೋರಿಸಿದ. “ತಕರಾರು ಅದ. ಆ ಪಾರ್ಕು ಅಲ್ಲಿ ಬರಬಾರದು. ಅದು ಮಂದಿ ಹೊಲ. ಮನಿ ಕಟ್ಟಾಕತ್ತಾರ ಅವರು, ಬುನಾದಿ ತಗದಾರ.” ಇಂಜಿನಿಯರ್ ಹಾಳೆ ಬಿಚ್ಚಿ ನೋಡಿದ. “ನಕಾಶೆದಾಗ ಅಲ್ಲಿ ಏನೂ ಇಲ್ಲಲ್ರಿ, ಖುಲ್ಲಾ ಜಗಾ ಅದ.” “ನಕಾಶೆದಾಗ ಇಲ್ಲ, ಹೊಲದಾಗ ಅದ! ಹೋಗಿ ನೋಡ್ರಿ!” “ಮತ್ತ ಪಾರ್ಕ ಬೇಕು ಅಂತ ನೀವೇ ಕೇಳಿದ್ರಲ್ರಿ?” ಎಂದ ಮಚ್ಚೇಂದ್ರ. ಎಷ್ಟು ನಯವಾಗಿ ಕೇಳಿದ! “ಹೌದ್ರಿ, ಕೇಳಿದ್ದು ಖರೇ, ಆದ್ರ...” ಎನ್ನುವಷ್ಟರಲ್ಲಿ ಅವನ ಪೆನ್ನು ಬಗ್ಗಿತು. “ಹೌದಂತಾರ,” ಎಂದು ಯಾರೋ ನಕ್ಕರು. ಸಂಜೀವಕುಮಾರ ಮೂಲೆಯಿಂದ, “ಅಕ್ಕೋರು ಹಂಗ್ಯಾಕ ಬ್ಯಾಸರ ಮಾಡ್ಕೋತಾರ, ಪಾರ್ಕಿಗೆ ಅವರ ಹೆಸರೇ ಇಡೋಣು. ಬೋರ್ಡಿನ ಖರ್ಚು ನಂದು,” ಎಂದ. ಅದನ್ನು ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು, ಯಾಕೆಂದರೆ ಅವನ ಮುಖದಲ್ಲಿ ಅಣಕ ಇರಲಿಲ್ಲ. ವಿಜಯಶ್ರೀಗೆ ಮುಕ್ತಾಬಾಯಿಯ ಬುನಾದಿಯ ಗುಂಡಿಯ ಮೇಲೆ ತನ್ನ ಹೆಸರಿನ ಬೋರ್ಡು ನಿಂತದ್ದು ಕಂಡಿತು.

ಅವಳು ಎದ್ದು ನಿಂತಳು. ಕುರ್ಚಿ ಹಿಂದಿನ ಬಾಗಿಲಿಗೆ ಬಡಿಯಿತು. “ನನ್ನ ಹೆಸರು ಹೇಳಿಕೊಂಡು ಬಡವರ ಹೊಲ ನುಂಗಬ್ಯಾಡ್ರಿ! ಅಂಗಡಿ ಸಾಲಿನ ಸಲುವಾಗಿ ಪಾರ್ಕು ಸರಿಸೀರಿ, ಇಲ್ಲಿ ಕೂತವರಿಗೆಲ್ಲಾ ಗೊತ್ತದ. ನಾ ಒಪ್ಪಂಗಿಲ್ಲ. ಹಂಗಂತ ಬರೀ ಮಚ್ಚೇಂದ್ರ.” ಬರೀ, ಎಂದಿದ್ದಳು. ಬರೀರಿ ಅಲ್ಲ. ಹೇಳಿಯಾದ ಮೇಲೆ ಒಂದು ಕ್ಷಣ ಅವಳಿಗೆ ಎಷ್ಟು ಹಗುರಾಯಿತೆಂದರೆ, ಇಷ್ಟು ಸುಲಭವಿತ್ತಲ್ಲ ಇದು, ಇಷ್ಟು ದಿನ ಯಾಕೆ ಹೇಳಲಿಲ್ಲ ಎನಿಸಿತು. ಮಚ್ಚೇಂದ್ರನ ಪೆನ್ನು ನಿಂತಿತ್ತು. ಅವನು ಅಧ್ಯಕ್ಷರ ಕಡೆ ನೋಡಿದ. ಮಹಾರುದ್ರಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಕಣ್ಣು ಒದ್ದೆಯಾಗಿದ್ದವು. ಅದು ನಾಟಕವಲ್ಲ, ಅವಳಿಗೆ ಗೊತ್ತು, ಚಿಕ್ಕಂದಿನಿಂದ ನೋಡಿದ ಮುಖ ಅದು. “ತಂಗಿ, ನಿಮ್ಮಪ್ಪನ ಕೂಡ ಒಂದೇ ತಾಟಿನಾಗ ಉಂಡಾಂವ ನಾ. ಅಂವ ಒಂದಿನಾನೂ ನನ್ನ ಮುಂದ ಈ ದನಿ ತಗೀಲಿಲ್ಲ. ಹಿಂಗ ನಾಕು ಮಂದಿಯಾಗ ನನ್ನ ಕಳ್ಳನ ಮಾಡಿದೆಲ್ಲವ್ವಾ,” ಎಂದರು. ಯಾರೋ ನೀರು ಕೊಟ್ಟರು, ಇನ್ಯಾರೋ ಪಂಖದ ವೇಗ ಹೆಚ್ಚಿಸಿದರು, “ಬಿ.ಪಿ. ಅದ್ರಿ ಅವರಿಗೆ,” ಎಂದು ಇಂಜಿನಿಯರ್ ಅವಳ ಕಡೆ ತಿರುಗಿ ಪಿಸುಗುಟ್ಟಿದ. ಹೊಲ, ನಾಲಾ, ಅಂಗಡಿ ಸಾಲು ಎಲ್ಲ ಒಮ್ಮೆಲೇ ಕೋಣೆಯಿಂದ ಹೊರಟುಹೋದವು. ಉಳಿದದ್ದು ನೀರಿನ ಲೋಟ ಹಿಡಿದ ಒಬ್ಬ ಮುದುಕ. ಅಪ್ಪ ತೀರಿದ ದಿನ ಹೆಗಲು ಕೊಟ್ಟ ಮನುಷ್ಯ. ವಿಜಯಶ್ರೀಯ ಕಾಲು ತಾವಾಗಿಯೇ ಮೇಜು ಸುತ್ತಿಕೊಂಡು ಅವರ ಬಳಿಗೆ ಹೋದವು. “ತಪ್ಪಾತ್ರಿ ಕಾಕಾ,” ಎಂದಳು. “ದನಿ ಏರಿತು. ತಪ್ಪಾತ್ರಿ.”

“ಹಾಂ, ಆತು ಬಿಡು. ನೀ ನಮ್ಮ ಮಗಳು, ನಾ ಏನೂ ಮನಸ್ಸಿನಾಗ ಇಟ್ಕೊಳ್ಳಂಗಿಲ್ಲ,” ಎಂದರು ಮಹಾರುದ್ರಪ್ಪನವರು, ಅವಳ ತಲೆಯ ಮೇಲೆ ಕೈ ಇಟ್ಟು. ಕೋಣೆ ಉಸಿರು ಬಿಟ್ಟಿತು. “ತಪ್ಪಾತು ಅಂದ್ರಲ್ಲ ಅಕ್ಕೋರು, ಮುಗೀತು. ಮುಂದಿಂದು ತಗೋಳ್ರಿ,” ಎಂದು ಯಾರೋ ಅಂದರು. ಮಚ್ಚೇಂದ್ರನ ಪೆನ್ನು ಓಡಿತು. ಮತ್ತೆ ತನ್ನ ಕುರ್ಚಿಗೆ ಬಂದು ಕೂತ ಮೇಲೆ, ಬಾಗಿಲು ತಳ್ಳಿಕೊಂಡು ಚಹಾ ಬಂದ ಮೇಲೆ, ಎದ್ದು ಜಾಗ ಬಿಟ್ಟ ಮೇಲೆ ವಿಜಯಶ್ರೀಗೆ ಹೊಳೆಯಿತು, ಅವನು ಬರೆದದ್ದು ಮಹಿಳಾ ಸದಸ್ಯೆಯವರು ತಕರಾರು ಹಿಂದಕ್ಕೆ ಪಡೆದರು ಎಂದು. “ನಾ ತಪ್ಪಾತು ಅಂದಿದ್ದು ದನಿಗ್ರಿ, ಮಾತಿಗಲ್ಲ,” ಎಂದಳು. ಕಪ್ಪು-ಬಸಿಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಲು ದನಿ ಏರಿಸಬೇಕಿತ್ತು. ಈಗಷ್ಟೇ ದನಿ ಏರಿಸಿದ್ದಕ್ಕೆ ಕ್ಷಮೆ ಕೇಳಿದವಳು ಮತ್ತೆ ಹೇಗೆ ಏರಿಸುವುದು? ಮಹಾರುದ್ರಪ್ಪನವರು ಬಸಿಯಲ್ಲಿ ಚಹಾ ಸುರಿದು ಊದುತ್ತ ಅವಳ ಕಡೆ ನೋಡಿ ನಕ್ಕರು. ಎಲ್ಲರೂ ಅವಳಿಗೆ ಅಂದು ಎಂದಿಗಿಂತ ಹೆಚ್ಚು ಪ್ರೀತಿ ತೋರಿಸಿದರು. ಬಿಸ್ಕಿಟ್ಟಿನ ತಾಟು ಮೊದಲು ಅವಳ ಮುಂದೆಯೇ ಬಂತು.

ಸಭೆ ಮುಗಿದಾಗ ಅವಳು ಮಚ್ಚೇಂದ್ರನನ್ನು ಹೊರಬಾಗಿಲಲ್ಲಿ ತಡೆದು ಅದೇ ಮಾತನ್ನು ಹೇಳಿದಳು. ಅವನು ತಲೆ ಬಗ್ಗಿಸಿ ಪೂರ್ತಿ ಕೇಳಿದ, “ಹೌದ್ರಿ, ಹೌದ್ರಿ,” ಎನ್ನುತ್ತ ಕೇಳಿದ. “ಮುಂದಿನ ಸಭಾದಾಗ ತರೋಣ್ರಿ ಅಕ್ಕೋರ,” ಎಂದ. ಅಷ್ಟರಲ್ಲಿ ನಕಾಶೆ ಬೆಂಗಳೂರಿಗೆ ಹೋಗಿ ಮುಟ್ಟಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಒಂದು ಕೆನ್ನೆಗೆ ಬಿಡಬೇಕು ಎನ್ನುವಷ್ಟು ಸಿಟ್ಟು ಬಂತು. ಅವನಿಗೋ, ತನಗೋ, ಯಾರ ಕೆನ್ನೆಗೆ ಎಂದು ತಿಳಿಯಲಿಲ್ಲ. “ಹೌದ್ರಿ,” ಎಂದಳು, ಚೀಲ ಹೆಗಲಿಗೆ ಹಾಕಿಕೊಂಡಳು.

ಮರದ ನೆರಳು ಗೋಡೆಯ ಕಡೆಗೆ ಸರಿದಿತ್ತು, ಮುಕ್ತಾಬಾಯಿಯೂ ಅದರ ಜೊತೆಗೇ ಸರಿದು ಕೂತಿದ್ದಳು. ಅಕ್ಕೋರನ್ನು ನೋಡಿ ಎದ್ದು ಸೀರೆಯ ಮಣ್ಣು ಜಾಡಿಸಿಕೊಂಡಳು. ಮೆಟ್ಟಿಲಿನಿಂದ ಮರದವರೆಗಿನ ದಾರಿಯಲ್ಲಿ ವಿಜಯಶ್ರೀ ಏನೇನೋ ಹೊಂದಿಸಿಕೊಂಡಳು. ಎಲ್ಲರೆದುರು ಎದ್ದು ನಿಂತೆ ಎನ್ನಬಹುದು, ಅದು ನಿಜ. ನುಂಗಬ್ಯಾಡ್ರಿ ಎಂದು ಮುಖಕ್ಕೆ ಹೇಳಿದೆ ಎನ್ನಬಹುದು, ಅದೂ ನಿಜ. ಮುಂದಿನ ಸಭೆಯಲ್ಲಿ ನೋಡೋಣ ಎನ್ನಬಹುದು. ಅಷ್ಟು ಹೇಳಿದರೆ ಮುಕ್ತಾಬಾಯಿ ನಂಬುತ್ತಾಳೆ, ಇನ್ನೊಂದು ತಿಂಗಳು ನಂಬುತ್ತಾಳೆ, ಬುನಾದಿಯ ಗುಂಡಿಗೆ ಕಲ್ಲನ್ನೂ ತರಿಸಿಬಿಡುತ್ತಾಳೆ.

“ಆತೇನ್ರಿ ಅಕ್ಕೋರ?” ಎಂದಳು ಮುಕ್ತಾಬಾಯಿ.

“ಇಲ್ರಿ,” ಎಂದಳು ವಿಜಯಶ್ರೀ. “ಇಲ್ರಿ ಮುಕ್ತಾಬಾಯಿ. ಆಗಲಿಲ್ರಿ.”

ಬೆಳಗಿನಿಂದ ಉರು ಹೊಡೆದದ್ದು ಹೇಗಿರಬೇಕಿತ್ತೋ ಹಾಗೆಯೇ ಬಂತು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಮುಕ್ತಾಬಾಯಿ ಸೆರಗು ಹಿಡಿದಿದ್ದ ಕೈಯನ್ನು ಹಾಗೆಯೇ ನಿಲ್ಲಿಸಿ ಅವಳ ಮುಖ ನೋಡಿದಳು. ಇಷ್ಟು ವರ್ಷದ ಪರಿಚಯದಲ್ಲಿ ಅಕ್ಕೋರು ತನಗೆ ಒಮ್ಮೆಯೂ ರಿ ಹಚ್ಚಿ ಮಾತಾಡಿದ್ದಿಲ್ಲ. “ನನಗ್ಯಾಕ ರಿ ಹಚ್ಚತೀರಿ,” ಎಂದು ನಗಲು ಹೋದಳು, ನಗು ಪೂರ್ತಿಯಾಗಲಿಲ್ಲ. ಆಮೇಲೆ ಹುಡಗಿ ರಸ್ತೆಯ ದಿಕ್ಕಿಗೆ ನೋಡುತ್ತ ನಿಂತಳು. ಇಲ್ಲಿಂದ ಆ ಹೊಲ ಕಾಣುವುದಿಲ್ಲ, ಬರೀ ಪೆಟ್ರೋಲ್ ಬಂಕು ಕಾಣುತ್ತದೆ.

ವಿಜಯಶ್ರೀ ಹೇಳತೊಡಗಿದಳು. ಹೇಳದೆ ನಿಲ್ಲಲು ಆಗಲಿಲ್ಲ. ನಾನು ಎದ್ದು ನಿಂತು ಹೇಳಿದೆ ಎಂದಳು. “ಹೌದ್ರಿ,” ಎಂದಳು ಮುಕ್ತಾಬಾಯಿ. ಅಧ್ಯಕ್ಷರಿಗೆ ನೋವಾಯಿತು, ನಾನು ತಪ್ಪಾತು ಅಂದದ್ದು ದನಿಗೆ, ಅವರು ಅದನ್ನೇ ಹಿಡ್ಕೊಂಡರು ಎಂದಳು. “ಹೌದ್ರಿ.” ನಕಾಶೆಯಲ್ಲಿ ನಿಮ್ಮ ಬುನಾದಿ ಇಲ್ಲ, ನಕಾಶೆ ಮಾಡಿದವರು ಹೊಲಕ್ಕೆ ಬಂದೇ ಇಲ್ಲ, ಬೆಂಗಳೂರಿಗೊಂದು ತಕರಾರು ಬರೆದು ಕಳಿಸಬಹುದು, ನಾನೇ ಬರೆದು ಕೊಡುತ್ತೇನೆ, ವಿಶಾಖಾಗೆ ಫೋನ್ ಮಾಡಿ ನಾನೇ ಹೇಳುತ್ತೇನೆ ಎಂದಳು. “ಹೌದ್ರಿ.” ಪ್ರತಿ ಮಾತಿಗೂ ಮುಕ್ತಾಬಾಯಿ ಅದನ್ನೇ ಅನ್ನುತ್ತಿದ್ದಳು, ಸಿಟ್ಟಿಲ್ಲದೆ, ಹೇಳುವವರಿಗೆ ಅಪಮಾನವಾಗಬಾರದೆಂದು, ಕಣ್ಣು ರಸ್ತೆಯ ಮೇಲಿಟ್ಟುಕೊಂಡೇ. ಆ ಹೌದಿನಲ್ಲಿ ಒಪ್ಪಿಗೆ ಎಳ್ಳಷ್ಟೂ ಇರಲಿಲ್ಲ. ವಿಜಯಶ್ರೀಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವಳ ಮಾತು ಅರ್ಧಕ್ಕೆ ನಿಂತಿತು.

ಮುಕ್ತಾಬಾಯಿ ರಸ್ತೆಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದಳು.

“ಹೌದ್ರಿ ಅಕ್ಕೋರ,” ಎಂದಳು. “ಮುಂದ ಹೇಳ್ರಿ.”